ಕಾರ್ಡು ತುಂಬಿದೆ, ಟೈಮ್‌ಲೈನ್ ಖಾಲಿ

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥವನ್ನು ವರ್ಷಕ್ಕೊಮ್ಮೆ, ಫಾಲ್ಗುಣದಲ್ಲಿ ಎಳೆಯುತ್ತಾರೆ. ಕ್ಯಾಮೆರಾದವರಿಗೆ ಸಿಗಲಿಲ್ಲವೆಂದು ಮತ್ತೊಮ್ಮೆ ಎಳೆಯುವುದಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಯೂ ಹಾಗೆಯೇ, ಮದುವೆಮನೆಯ ಧಾರೆಯೂ ಹಾಗೆಯೇ. ಕೊಂಡ್ಲಹಳ್ಳಿ, ಬಿ.ಜಿ.ಕೆರೆ, ರಾಂಪುರ, ಮೊಳಕಾಲ್ಮುರು, ಚಳ್ಳಕೆರೆ ಸೀಮೆಯಲ್ಲಿ ಮದುವೆ, ಜಾತ್ರೆ, ಶಾಲಾ ವಾರ್ಷಿಕೋತ್ಸವ ಶೂಟ್ ಮಾಡಿ ಬದುಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ಲೇಖನ ಇರುವುದು ಅದರ ನಂತರದ ಗಳಿಗೆಗೆ. ರಾತ್ರಿ ಮನೆಗೆ ಬಂದು ಕಾರ್ಡನ್ನು ಸಿಸ್ಟಮ್‌ಗೆ ಹಾಕಿ, ಮಿಕ್ಸಿಂಗ್‌ಗೆ ಕೂತು, ಕ್ಲಿಪ್ಪನ್ನು ಎಳೆದು ಬಿಟ್ಟರೆ ‘ಫೈಲ್ ಫಾರ್ಮ್ಯಾಟ್ ನಾಟ್ ಸಪೋರ್ಟೆಡ್’ ಎನ್ನುತ್ತದೆ. ಇಲ್ಲವೇ ಪರದೆ ಕೆಂಪಾಗಿ ‘ಮೀಡಿಯಾ ಆಫ್‌ಲೈನ್’ ಎನ್ನುತ್ತದೆ. ಇಲ್ಲವೇ ಚಿತ್ರ ಬರುತ್ತದೆ, ವಾಲಗದ ಸದ್ದೇ ಇರುವುದಿಲ್ಲ.

ಆ ಹೊತ್ತಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ದೃಶ್ಯವೇ ಕೆಟ್ಟಿದೆಯೋ, ಅಥವಾ ದೃಶ್ಯ ಚೆನ್ನಾಗಿದ್ದು ತಂತ್ರಾಂಶಕ್ಕೆ ಅದನ್ನು ಓದಲು ಬರುತ್ತಿಲ್ಲವೋ? ಎರಡಕ್ಕೂ ಪರದೆಯ ಮೇಲೆ ಬರುವ ಸಂದೇಶ ಬಹುಮಟ್ಟಿಗೆ ಒಂದೇ ಥರ ಇರುತ್ತದೆ, ಮದ್ದು ಮಾತ್ರ ಪೂರಾ ಬೇರೆ. ಹೆಚ್ಚಿನ ಸಲ ದೃಶ್ಯ ಚೆನ್ನಾಗಿಯೇ ಇರುತ್ತದೆ. ಗಾಬರಿಯಲ್ಲಿ ಮಾಡುವ ಮುಂದಿನ ಕೆಲಸವೇ ಅದನ್ನು ನಿಜವಾಗಿ ಕಳೆಯುವುದು.

ಮಿನಿ ಡಿವಿ ಕಾಲದಲ್ಲಿ ಒಂದು ಗಂಟೆಯ ಟೇಪನ್ನು ಫೈರ್‌ವೈರ್ ಕೇಬಲ್ಲಿನಲ್ಲಿ ಇಳಿಸಲು ಒಂದು ಗಂಟೆಯೇ ಬೇಕಿತ್ತು. ಡಿಸ್ಕಿನಲ್ಲಿ ಸುಮಾರು 13 ಜಿಬಿ ಜಾಗ ಹಿಡಿಯುತ್ತಿತ್ತು. ಹೆಡ್ಡಿಗೆ ಕೊಳೆ ಕೂತರೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಆದರೂ ಆ ಕಾಲಕ್ಕೆ ಒಂದು ದೊಡ್ಡ ರಕ್ಷಣೆ ಇತ್ತು: ಇಳಿಸಿದ ಮೇಲೂ ಟೇಪು ಬೀರುವಿನಲ್ಲಿ ಉಳಿಯುತ್ತಿತ್ತು. ಊರಿನ ಹಿರಿಯರು ಈಗಲೂ ‘ಕ್ಯಾಸೆಟ್ ಯಾವಾಗ ಕೊಡ್ತೀಯಪ್ಪಾ?’ ಎಂದೇ ಕೇಳುತ್ತಾರೆ, ಕೈಗೆ ಕೊಡುವುದು ಪೆನ್‌ಡ್ರೈವ್ ಆದರೂ. ಇಂದಿನ ಕಾರ್ಡು ಮಾತ್ರ ನಾಳೆಯ ಮುಹೂರ್ತಕ್ಕೆ ಫಾರ್ಮ್ಯಾಟ್ ಆಗುತ್ತದೆ. ಹಾಗಾಗಿ ಈಗ ಕಾರ್ಡಿನಿಂದ ಸಿಸ್ಟಮ್‌ಗೆ ಇಳಿಸುವುದೇ ಇಡೀ ಕೆಲಸದ ಅತಿ ಸೂಕ್ಷ್ಮ ಘಟ್ಟ. ಅದಕ್ಕೇ ಆ ಭಾಗವನ್ನು ಇಲ್ಲಿ ಕೊಂಚ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾರ್ಡಿನ ಬೀಗ

ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಪುಟ್ಟ ಜಾರುಗುಂಡಿ ಇದೆ. ಅದನ್ನು ‘ಲಾಕ್’ ಕಡೆಗೆ ಸರಿಸಿದ ಮೇಲೆ ರೀಡರ್‌ಗೆ ಹಾಕಿ. ಆಗ ಕಂಪ್ಯೂಟರು ಕಾರ್ಡನ್ನು ಓದಬಲ್ಲದೇ ಹೊರತು ಅದರ ಮೇಲೆ ಬರೆಯಲಾರದು, ಕೈತಪ್ಪಿ ಡಿಲೀಟ್ ಒತ್ತಿದರೂ ಹೋಗದು. ಡ್ರೋನ್, ಗೋಪ್ರೋ, ಮೊಬೈಲಿನ ಮೈಕ್ರೋ ಕಾರ್ಡಿಗೆ ಆ ಗುಂಡಿ ಇಲ್ಲ. ಅದನ್ನು ಹಾಕುವ ಅಡಾಪ್ಟರಿಗೆ ಇದೆ, ಅದನ್ನೇ ಬಳಸಿ.

ಕಾರ್ಡು ಹಾಕಿದ ತಕ್ಷಣ ವಿಂಡೋಸ್ ಕೆಲವೊಮ್ಮೆ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುತ್ತದೆ, ಇನ್ನು ಕೆಲವೊಮ್ಮೆ ‘ಸ್ಕ್ಯಾನ್ ಮಾಡಿ ಸರಿಪಡಿಸಲೇ?’ ಎನ್ನುತ್ತದೆ. ಎರಡಕ್ಕೂ ಕ್ಯಾನ್ಸಲ್ ಒತ್ತಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಯಲ್ಲಿರುತ್ತವೆ, ತೀರ ಹಳೆಯ ಸಿಸ್ಟಮ್ ಅಥವಾ ಹಳೆಯ ರೀಡರ್ ಅದನ್ನು ಗುರುತಿಸದೆ ಹೀಗೆ ಕೇಳುವುದುಂಟು. ಬೇರೆ ರೀಡರಿನಲ್ಲಿ, ಬೇರೆ ಪೋರ್ಟಿನಲ್ಲಿ, ಬೇರೆ ಸಿಸ್ಟಮ್‌ನಲ್ಲಿ ಹಾಕಿ ನೋಡಿ. ಯಾವ ರೀಡರೂ ಒಪ್ಪದಿದ್ದರೆ ಕಾರ್ಡನ್ನು ಕ್ಯಾಮೆರಾದಲ್ಲೇ ಇಟ್ಟು ಯುಎಸ್‌ಬಿ ಕೇಬಲ್ಲಿನಿಂದ ಇಳಿಸಿ. ಶೇಂಗಾ ಹೊಲಗಳ ನಡುವಿನ ನಮ್ಮ ರಸ್ತೆಗಳ ದೂಳಿಗೆ ಕಾರ್ಡಿನ ಲೋಹದ ಹಲ್ಲುಗಳು ಮಸುಕಾಗಿ ಓದಿಸಿಕೊಳ್ಳದಿರುವುದೂ ಉಂಟು. ಒಣ ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು.

ಕಾಪಿ ಮಾಡುವಾಗ ಕರೆಂಟು ಹೋಗುವುದು ನಮ್ಮ ಕಡೆ ಅಪರೂಪವಲ್ಲ. ಯುಪಿಎಸ್ ನಂಬುವಂತಿಲ್ಲವಾದರೆ ಈ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮಾಡುವುದೇ ಮೇಲು. ‘ಕಟ್’ ಮಾಡಿ ‘ಪೇಸ್ಟ್’ ಮಾಡುವ ಅಭ್ಯಾಸ ಬಿಡಿ, ಯಾವಾಗಲೂ ಕಾಪಿ. ಟೆರಾಕಾಪಿ ಎಂಬ ಸಣ್ಣ ತಂತ್ರಾಂಶಕ್ಕೆ ‘ವೆರಿಫೈ’ ಎಂಬ ಆಯ್ಕೆ ಇದೆ. ಕಾರ್ಡಿನಲ್ಲಿರುವುದೂ ಡಿಸ್ಕಿಗೆ ಬಂದದ್ದೂ ಒಂದೇ ಹೌದೇ ಎಂದು ಅದು ತಾಳೆ ನೋಡಿ ಹೇಳುತ್ತದೆ. ಅಷ್ಟೂ ಬೇಡವೆಂದರೆ ಫೈಲುಗಳ ಎಣಿಕೆಯನ್ನೂ ಒಟ್ಟು ಗಾತ್ರವನ್ನೂ ಎರಡೂ ಕಡೆ ನೋಡಿ. ಇನ್ನೊಂದು ಡಿಸ್ಕಿಗೆ ಎರಡನೆಯ ಪ್ರತಿ ಹೋಗುವವರೆಗೆ ಆ ಕಾರ್ಡು ಮತ್ತೆ ಕ್ಯಾಮೆರಾ ಸೇರಬಾರದು.

ಫೋಲ್ಡರನ್ನು ಬಿಡಿಸಬೇಡಿ

ಒಳಗೆ ಹತ್ತಾರು ಫೋಲ್ಡರ್ ಯಾಕೆ, ವಿಡಿಯೋ ಮಾತ್ರ ಸಾಕು ಎಂದು ಫೈಲುಗಳನ್ನಷ್ಟೇ ಹೆಕ್ಕಿ ತೆಗೆಯುವುದು ಬಹಳ ಕಡೆ ನಡೆದುಬಂದ ರೂಢಿ. ಇಂಪೋರ್ಟ್ ತೊಂದರೆಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲೇ. ಸೋನಿ, ಪ್ಯಾನಸೋನಿಕ್ ಸೇರಿ 2006ರಲ್ಲಿ ತಂದ ಎವಿಸಿಎಚ್‌ಡಿ ಪದ್ಧತಿಯನ್ನೇ ನೋಡಿ. ಮದುವೆಗಳಲ್ಲಿ ಹೆಗಲ ಮೇಲೆ ಕಾಣುವ ಸೋನಿ ಎಂಸಿ2500 ಬರೆಯುವುದು ಇದರಲ್ಲೇ. ಕಾರ್ಡಿನ ಒಳಗೆ ಪ್ರೈವೇಟ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಅದರೊಳಗೆ ಸ್ಟ್ರೀಮ್. ಅಲ್ಲಿ ಎಂಟಿಎಸ್ ಫೈಲುಗಳು. ಉದ್ದದ ಶಾಟ್ ತೆಗೆದರೆ ಕ್ಯಾಮೆರಾ ಅದನ್ನು 2 ಅಥವಾ 4 ಜಿಬಿಗೊಮ್ಮೆ ತುಂಡು ಮಾಡುತ್ತದೆ. ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ ಎಂಬುದು ಅದಕ್ಕೆ ಕಾರಣ. ಸೆಕೆಂಡಿಗೆ 24 ಮೆಗಾಬಿಟ್‌ನಲ್ಲಿ 4 ಜಿಬಿ ಎಂದರೆ 23–24 ನಿಮಿಷ. ಒಂದು ಗಂಟೆ ನಡೆದ ಹರಿಕಥೆ ಹೀಗೆ ಮೂರು ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಲೆಕ್ಕ ಇರುವುದು ಪಕ್ಕದ ಫೋಲ್ಡರುಗಳ ಚಿಕ್ಕ ಫೈಲುಗಳಲ್ಲಿ. ಎಂಟಿಎಸ್‌ಗಳನ್ನು ಬಿಡಿಬಿಡಿಯಾಗಿ ಟೈಮ್‌ಲೈನಿಗೆ ಹಾಕಿದರೆ ಬೆಸುಗೆಯಲ್ಲಿ ಸದ್ದು ಒಂದು ಕ್ಷಣ ಮುಕ್ಕಾಗುತ್ತದೆ, ಕೆಲವು ಫ್ರೇಮು ಹಾರುತ್ತವೆ. ಇಡೀ ಕಾರ್ಡನ್ನು ಇದ್ದ ಹಾಗೇ ಕಾಪಿ ಮಾಡಿ, ಪ್ರೀಮಿಯರ್‌ನ ಮೀಡಿಯಾ ಬ್ರೌಸರ್ ಅಥವಾ ಎಡಿಯಸ್‌ನ ಸೋರ್ಸ್ ಬ್ರೌಸರ್ ಮೂಲಕ ತೆರೆದರೆ ಮೂರೂ ಸೇರಿ ಒಂದೇ ಕ್ಲಿಪ್ ಆಗಿ ಬರುತ್ತದೆ. ಎಳೆದು ಬಿಡುವ ದಾರಿಯಲ್ಲಿ ಸೋತದ್ದು ಈ ದಾರಿಯಲ್ಲಿ ತೆರೆದುಕೊಳ್ಳುವುದು ಬಹಳ ಸಲ.

ಸೋನಿಯ ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ವಿಡಿಯೋ ಇರುವುದು ಎಂ4ರೂಟ್ ಫೋಲ್ಡರಿನ ಒಳಗಿನ ಕ್ಲಿಪ್ ಎಂಬಲ್ಲಿ. ‘ಡಿಸಿಐಎಂ ತೆರೆದೆ, ಫೋಟೋ ಮಾತ್ರ ಇದೆ, ವಿಡಿಯೋ ಹೋಗಿಬಿಟ್ಟಿದೆ’ ಎಂದು ಕಂಗಾಲಾಗುವವರು ಅಲ್ಲಿ ಹುಡುಕಬೇಕು. ಪಕ್ಕದ ಸಬ್ ಎಂಬ ಫೋಲ್ಡರಿನಲ್ಲಿರುವುದು ಪ್ರಾಕ್ಸಿ, ಅಂದರೆ ಕಡಿಮೆ ಗುಣಮಟ್ಟದ ಪ್ರತಿ. ಅದನ್ನೇ ಅಸಲಿ ಎಂದುಕೊಂಡು ಆಲ್ಬಮ್ ಹಾಡು ಕಟ್ಟಿದರೆ ಎಲ್‌ಇಡಿ ಪರದೆಯಲ್ಲಿ ಮಸುಕು. ಗೋಪ್ರೋದ ಎಲ್‌ಆರ್‌ವಿ ಫೈಲುಗಳೂ ಇಂಥವೇ.

ಎರಡು ಕ್ಯಾಮೆರಾ ಓಡಿಸುವವರು ಇನ್ನೊಂದನ್ನು ನೆನಪಿಡಬೇಕು. ಎರಡೂ ಕಾರ್ಡಿನಲ್ಲಿ ಮೊದಲ ಫೈಲಿನ ಹೆಸರು ಸಿ0001 ಎಂದೇ ಇರಬಹುದು. ಒಂದೇ ಫೋಲ್ಡರಿಗೆ ಸುರಿದರೆ ‘ರಿಪ್ಲೇಸ್ ಮಾಡಲೇ?’ ಎಂದು ಕೇಳುತ್ತದೆ. ನಿದ್ದೆಗಣ್ಣಿನಲ್ಲಿ ಹೌದು ಎಂದರೆ ಗಂಡಿನ ಕಡೆಯ ಕ್ಯಾಮೆರಾ ಹೆಣ್ಣಿನ ಕಡೆಯದನ್ನು ನುಂಗುತ್ತದೆ. ದಿನಾಂಕ, ಊರು, ಕ್ಯಾಮೆರಾ, ಕಾರ್ಡಿನ ಸಂಖ್ಯೆ ಇಷ್ಟನ್ನೂ ಹೊರಗಿನ ಫೋಲ್ಡರಿನ ಹೆಸರಿನಲ್ಲಿ ಬರೆಯಿರಿ, ಒಳಗಿನ ಹೆಸರು ಮುಟ್ಟಬೇಡಿ. ಫೋಲ್ಡರಿನ ಹೆಸರು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿದ್ದರೆ ವಾಸಿ. ವಿಂಡೋಸ್‌ನಲ್ಲಿ ಪೂರ್ತಿ ದಾರಿ 260 ಅಕ್ಷರ ಮೀರಿದರೆ ಹಲವು ತಂತ್ರಾಂಶಗಳು ಫೈಲನ್ನು ಕಾಣುವುದಿಲ್ಲ, ಕೆಲವು ಹಳೆಯವು ಕನ್ನಡ ಅಕ್ಷರದ ಹೆಸರಿಗೂ ಎಡವುತ್ತವೆ.

ದೃಶ್ಯ ಕೆಟ್ಟಿದೆಯೋ, ಭಾಷೆ ತಿಳಿಯುತ್ತಿಲ್ಲವೋ

ಈಗ ಪರೀಕ್ಷೆ. ತೆರೆಯದ ಕ್ಲಿಪ್ಪನ್ನು, ಡಿಸ್ಕಿಗೆ ಬಂದ ಪ್ರತಿಯಲ್ಲೇ, ವಿಎಲ್‌ಸಿಯಲ್ಲಿ ಓಡಿಸಿ. ಶುರುವಿನಿಂದ ಕೊನೆಯವರೆಗೆ ಓಡಿದರೆ ಉಸಿರು ಬಿಡಿ: ದೃಶ್ಯ ಇದೆ, ತೊಂದರೆ ತಂತ್ರಾಂಶದ್ದು. ಬಳಿಕ ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದೇ ಕ್ಲಿಪ್ಪನ್ನು ತೆರೆದು ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ಕೋಡೆಕ್ (ದೃಶ್ಯವನ್ನು ಕುಗ್ಗಿಸಿಟ್ಟ ಬಗೆ), ಎಷ್ಟು ಬಿಟ್, ಫ್ರೇಮ್ ರೇಟ್ ಸ್ಥಿರವೋ ಚಂಚಲವೋ, ಆಡಿಯೋ ಯಾವ ಬಗೆಯದು.

ಎಂಪಿ4, ಎಂಒವಿ ಎಂಬುವು ಡಬ್ಬಿಯ ಹೆಸರು ಮಾತ್ರ, ಒಳಗಿರುವುದು ಸಕ್ಕರೆಯೋ ಉಪ್ಪೋ ಡಬ್ಬಿ ಹೇಳುವುದಿಲ್ಲ. ‘ಹೋದ ವರ್ಷವೂ ಎಂಪಿ4 ತೆರೆಯುತ್ತಿತ್ತು, ಈಗ್ಯಾಕೆ ಇಲ್ಲ?’ ಎಂಬುದಕ್ಕೆ ಉತ್ತರ ಅಲ್ಲಿದೆ. ಹೋದ ವರ್ಷದ ಡಬ್ಬಿಯಲ್ಲಿ 2003ರ ಎಚ್.264 ಇತ್ತು, ಹೊಸ ಕ್ಯಾಮೆರಾದ ಡಬ್ಬಿಯಲ್ಲಿ 2013ರ ಎಚ್.265 ಇದೆ. ಇದನ್ನೇ ಎಚ್‌ಇವಿಸಿ ಎಂದೂ ಕರೆಯುತ್ತಾರೆ. ಅದೇ ಗುಣಮಟ್ಟವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ, ಬಿಡಿಸಲು ಮಾತ್ರ ಸಿಸ್ಟಮ್‌ಗೆ ಬಹಳ ಹೆಚ್ಚು ಶ್ರಮ. ನಮ್ಮ ಕಡೆ ಮದುವೆ ಮಿಕ್ಸಿಂಗ್ ಬಹಳ ವರ್ಷ ಎಡಿಯಸ್‌ನಲ್ಲೇ ನಡೆದಿದೆ. ಯಾರೋ ಹಾಕಿಕೊಟ್ಟ ಹಳೆಯ ಆವೃತ್ತಿಯಲ್ಲಿ ಅದಕ್ಕಿಂತ ಆಮೇಲೆ ಹುಟ್ಟಿದ ಕೋಡೆಕ್‌ಗಳು ತೆರೆಯಲಾರವು, ಅದರಲ್ಲಿ ಅಚ್ಚರಿ ಇಲ್ಲ. ಪ್ರೀಮಿಯರ್‌ನಲ್ಲಿ ಮೊದಲ ಬಾರಿ ಎಚ್‌ಇವಿಸಿ ತೆರೆಯುವಾಗ ಇಂಟರ್‌ನೆಟ್ ಬೇಕು, ಅದು ತನ್ನ ಕೋಡೆಕ್ಕನ್ನು ಆಗಲೇ ತರಿಸಿಕೊಳ್ಳುತ್ತದೆ. ಹಳ್ಳಿಯಲ್ಲಿ ನೆಟ್ ಇಲ್ಲದ ಸಿಸ್ಟಮ್‌ನಲ್ಲಿ ‘ಜೆನೆರಿಕ್ ಎರರ್’ ಬಂದರೆ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಮತ್ತೊಮ್ಮೆ ನೋಡಿ.

10 ಬಿಟ್, 4:2:2 ಎಂದು ಮೀಡಿಯಾಇನ್ಫೋ ತೋರಿಸಿದರೆ ವಿಷಯ ಇನ್ನೂ ಬಿಗಿ. 2020ರ ಸೋನಿ ಎ7ಎಸ್ 3, ಕ್ಯಾನನ್ ಆರ್5, ಆರ್6 ಈ ಬಗೆಯ ಫೈಲು ಕೊಡುತ್ತವೆ. ಬಣ್ಣ ತಿದ್ದುವವರಿಗೆ ಬಹಳ ಒಳ್ಳೆಯದು. ಆದರೆ ವಿಂಡೋಸ್‌ನಲ್ಲಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇಂಥವಕ್ಕೆ ಹಲವು ಸಲ ‘ಮೀಡಿಯಾ ಆಫ್‌ಲೈನ್’ ಎನ್ನುತ್ತದೆ. ತೆರೆದರೂ ಓಡುವುದಿಲ್ಲ, ಏಕೆಂದರೆ 4:2:2 ಎಚ್.265ನ್ನು ಯಂತ್ರಾಂಶದಲ್ಲೇ ಬಿಡಿಸುವ ಸೌಲಭ್ಯ ಇಂಟೆಲ್‌ನಲ್ಲಿ 11ನೇ ಪೀಳಿಗೆಯಿಂದೀಚೆಗೆ ಇದೆ, ಎನ್‌ವಿಡಿಯಾ ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 50 ಸರಣಿಯಿಂದಷ್ಟೇ ಬಂದಿದೆ. ಅಸೆಂಬಲ್ ಮಾಡಿಸುವವರಿಗೆ ಇಲ್ಲೊಂದು ಮಾತು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಕೊಂಚ ಅಗ್ಗ, ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಎಡಿಯಸ್ ಎಚ್.264 ಬಿಡಿಸಲು ನೆಚ್ಚಿಕೊಳ್ಳುವ ಕ್ವಿಕ್ ಸಿಂಕ್ ಇರುವುದೇ ಆ ಗ್ರಾಫಿಕ್ಸ್‌ನೊಳಗೆ. ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿಸಿದರೂ ಟೈಮ್‌ಲೈನ್ ತಡವರಿಸುತ್ತಿದೆ ಎನ್ನುವವರ ಸಿಸ್ಟಮ್ ತೆರೆದು ನೋಡಿದರೆ ಅನೇಕ ಸಲ ಕಾಣುವುದು ಇದೇ, ಇಲ್ಲವೇ ಬಯೋಸ್‌ನಲ್ಲಿ ಒಳಗ್ರಾಫಿಕ್ಸ್ ಆಫ್ ಆಗಿರುವುದು.

ಹೊಸ ಸಿಸ್ಟಮ್ ಕೊಳ್ಳುವ ಮಾತು ಎಲ್ಲರಿಗೂ ಆಗದು. ಆಗ ಉಳಿದ ದಾರಿ ಪರಿವರ್ತನೆ. ಶಟರ್ ಎನ್‌ಕೋಡರ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ ಅಥವಾ ಪ್ರೋರೆಸ್ ಆಯ್ದು, ಕ್ಲಿಪ್ಪುಗಳನ್ನೆಲ್ಲ ಹಾಕಿ ಮಲಗಿಬಿಡಿ, ಬೆಳಗಾಗುವಷ್ಟರಲ್ಲಿ ಆಗಿರುತ್ತದೆ. ಫೈಲುಗಳು ಹಿಗ್ಗುತ್ತವೆ: ಫುಲ್ ಎಚ್‌ಡಿ, 25 ಫ್ರೇಮಿನಲ್ಲಿ ಪ್ರೋರೆಸ್ 422ಕ್ಕೆ ಗಂಟೆಗೆ ಸುಮಾರು 55 ಜಿಬಿ ಬೇಕು, ಎವಿಸಿಎಚ್‌ಡಿ ಗಂಟೆಗೆ 11 ಜಿಬಿಯಲ್ಲಿ ಮುಗಿಯುತ್ತಿತ್ತು. ಅಷ್ಟು ಜಾಗ ಇಲ್ಲದವರು ಪ್ರಾಕ್ಸಿ ಮಾಡಿಕೊಂಡು ಕತ್ತರಿಸಿ, ಕೊನೆಗೆ ಅಸಲಿಗೆ ಕೊಂಡಿ ಹಾಕಬಹುದು. ಆದರೆ ಅಸಲಿಯನ್ನು ಓದಲು ಬರದ ತಂತ್ರಾಂಶಕ್ಕೆ ಪ್ರಾಕ್ಸಿ ಪರಿಹಾರವಲ್ಲ, ಕೊನೆಯ ರೆಂಡರ್‌ನಲ್ಲಿ ಮತ್ತೆ ಅಲ್ಲೇ ನಿಲ್ಲುತ್ತದೆ. ಎಕ್ಸ್‌ಟೆನ್ಷನ್ ಅಳಿಸಿ ಬೇರೆ ಬರೆಯುವುದಂತೂ ಪರಿವರ್ತನೆಯೇ ಅಲ್ಲ.

ಪರಿವರ್ತನೆ ಮುಗಿಯಿತೆಂದು ಅಸಲಿ ಫೈಲುಗಳನ್ನು ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮದುವೆಯ ಕ್ಯಾಸೆಟ್ಟಿಗೆ ಅದು ಬೇಕಾಗದಿರಬಹುದು. ಆದರೆ ಈ ಸೀಮೆಯ ಕ್ಯಾಮೆರಾಗಳು ಮದುವೆಯನ್ನಷ್ಟೇ ಹಿಡಿಯುವುದಿಲ್ಲ. ಮ್ಯಾಸನಾಯಕರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರ ಹಟ್ಟಿಯ ಹಾಡು ಇವೂ ಕಾರ್ಡಿಗೆ ಇಳಿಯುತ್ತವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡು ಬಾಯಲ್ಲಿಟ್ಟುಕೊಂಡಿದ್ದವರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರಂಥವರು ಕೂತು ದಾಖಲಿಸಿದ್ದರಿಂದ ಅವು ನಮಗೆ ಉಳಿದವು. ಹಟ್ಟಿಯ ಅಜ್ಜಿಯೊಬ್ಬರು ಹಾಡಿದ್ದು ನಿಮ್ಮ ಡಿಸ್ಕಿನಲ್ಲಿದ್ದರೆ ಅದು ಇಂದಿನ ತಂತ್ರಾಂಶದಲ್ಲಿ ತೆರೆಯದಿದ್ದರೂ ಹಾಗೇ ಇರಲಿ. ಐದು ವರ್ಷದ ನಂತರದ ತಂತ್ರಾಂಶ ಅದನ್ನು ಇನ್ನೂ ಚೆನ್ನಾಗಿ ಓದಬಹುದು, ಅಳಿಸಿದ್ದನ್ನು ಯಾವುದೂ ಓದಲಾರದು.

ಮೊಬೈಲ್, ಸೀರೆ, ಸದ್ದು

ಮೊಬೈಲಿನ ದೃಶ್ಯ ತೆರೆದುಕೊಳ್ಳುತ್ತದೆ, ಆದರೆ ಹತ್ತು ನಿಮಿಷ ಓಡುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಬೆಳಕು ಕಡಿಮೆಯಾದಾಗ, ಫೋನು ಕಾದಾಗ ಮೊಬೈಲು ಫ್ರೇಮ್ ರೇಟನ್ನು ತಾನೇ ಏರಿಳಿಸುತ್ತದೆ, ಎಡಿಟಿಂಗ್ ತಂತ್ರಾಂಶ ಬಯಸುವುದು ಒಂದೇ ಹದದ ಎಣಿಕೆ. ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆಯ್ದು ಒಮ್ಮೆ ಪರಿವರ್ತಿಸಿಕೊಂಡು ಆಮೇಲೆ ಟೈಮ್‌ಲೈನಿಗೆ ತನ್ನಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಕ್ಯಾಮೆರಾಗಳನ್ನು 25 ಫ್ರೇಮಿಗೆ ಇಟ್ಟರೆ ಟ್ಯೂಬ್‌ಲೈಟಿನ ಮಿಣುಕು ಕಡಿಮೆ. ಜೊತೆಗಿರುವ ಮೊಬೈಲನ್ನೂ ಸಾಧ್ಯವಿದ್ದರೆ ಅದಕ್ಕೇ ಇಡಿ. ರಿಸಾಲ್ವ್‌ನಲ್ಲಿ ಕ್ಲಿಪ್ಪು ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಾಗದು, ಅದನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಐಫೋನ್ 2017ರ ಐಒಎಸ್ 11ರಿಂದ ಎಚ್‌ಇವಿಸಿ ಬರೆಯುತ್ತದೆ, ಐಫೋನ್ 12ರಿಂದ ಎಚ್‌ಡಿಆರ್ ಕೂಡ ಸೇರಿದೆ. ಮೊಳಕಾಲ್ಮುರು ಸೀರೆಯ ವಿಡಿಯೋ ಮಾಡಿ ಮಾರುವವರಿಗೆ ಇದು ನೇರ ನಷ್ಟ. ಫೋನಿನಲ್ಲಿ ಜರಿ ಮಿಂಚುತ್ತಿರುತ್ತದೆ, ಟೈಮ್‌ಲೈನಿಗೆ ಬಂದಾಗ ಅಂಚು ಬಿಳಿಚಿಕೊಂಡು ಮೈಬಣ್ಣವೇ ಬೇರೆಯಾಗಿ ಕಾಣುತ್ತದೆ. ಕೊಂಡವರು ‘ಕಂಡ ಬಣ್ಣ ಬೇರೆ, ಬಂದ ಬಣ್ಣ ಬೇರೆ’ ಎನ್ನದೆ ಇರುತ್ತಾರೆಯೇ? ಶೂಟ್ ಮಾಡುವ ಮೊದಲೇ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ವಿಡಿಯೋ ಆಫ್ ಮಾಡಿ, ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಚಿತ್ರ ಬಂದು ಸದ್ದು ಬಾರದಿದ್ದರೆ ಆಡಿಯೋದ ಬಗೆ ನೋಡಿ. ಎವಿಸಿಎಚ್‌ಡಿ ಫೈಲುಗಳಲ್ಲಿ ಸಾಮಾನ್ಯವಾಗಿ ಡಾಲ್ಬಿ ಎಸಿ3 ಇರುತ್ತದೆ, ಎಲ್ಲ ತಂತ್ರಾಂಶಗಳೂ ಅದನ್ನು ಓದುವುದಿಲ್ಲ. ಲಿನಕ್ಸ್‌ನ ರಿಸಾಲ್ವ್‌ಗೆ ಎಎಸಿ ಆಡಿಯೋ ಬಾರದು. ಶಟರ್ ಎನ್‌ಕೋಡರ್‌ನಲ್ಲಿ ಸದ್ದನ್ನು ಮಾತ್ರ ವೇವ್ ಫೈಲಾಗಿ ತೆಗೆದು ಚಿತ್ರದ ಕೆಳಗೆ ಕೂರಿಸಿದರೆ ಕೆಲಸ ಆಯಿತು.

ನಿಜಕ್ಕೂ ಕೆಟ್ಟಿದ್ದರೆ

ವಿಎಲ್‌ಸಿಯಲ್ಲೂ ಓಡದ, ಆದರೆ ಗಾತ್ರ ಮಾತ್ರ 3 ಜಿಬಿ ಇರುವ ಫೈಲು ಬೇರೆಯೇ ಕಥೆ. ಎಂಪಿ4ನಲ್ಲಿ ಯಾವ ಫ್ರೇಮು ಎಲ್ಲಿದೆ ಎಂಬ ಸೂಚಿಯನ್ನು ಕ್ಯಾಮೆರಾ ಕೊನೆಯಲ್ಲಿ, ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಬರೆಯುತ್ತದೆ. ಬೇಸಿಗೆಯ ಬಿಸಿಲಿಗೆ ಕ್ಯಾಮೆರಾ ಕಾದು ಆಫ್ ಆದರೆ, ಬ್ಯಾಟರಿ ಸತ್ತರೆ, ಡ್ರೋನ್ ಬಿದ್ದರೆ ಆ ಸೂಚಿ ಬರೆಯದೆ ಉಳಿಯುತ್ತದೆ. ದೃಶ್ಯವೆಲ್ಲ ಇದೆ, ಹುಡುಕುವ ದಾರಿ ಇಲ್ಲ. ಮೊದಲ ಪ್ರಯತ್ನ ಕ್ಯಾಮೆರಾಕ್ಕೇ ಬಿಡಿ. ಕಾರ್ಡಿನ ಪ್ರತಿ ಮಾಡಿಕೊಂಡ ಮೇಲೆ ಅದೇ ಕ್ಯಾಮೆರಾಕ್ಕೆ ತುಂಬಿದ ಬ್ಯಾಟರಿ ಹಾಕಿ ಆನ್ ಮಾಡಿದರೆ ಕೆಲವು ಕ್ಯಾಮೆರಾಗಳು ತಾವೇ ಸರಿಪಡಿಸುತ್ತವೆ. ಇಲ್ಲವಾದರೆ ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶ ಇದೆ. ಅದಕ್ಕೆ ಕೆಟ್ಟ ಫೈಲಿನ ಜೊತೆ ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಳ್ಳೆಯ ಫೈಲೊಂದನ್ನು ಕೊಡಬೇಕು. ಹಾಗಾಗಿ ಅವಘಡವಾದ ದಿನವೇ ಸೆಟ್ಟಿಂಗ್ ಬದಲಿಸದೆ ಒಂದೆರಡು ನಿಮಿಷದ ಶಾಟ್ ತೆಗೆದಿಟ್ಟುಕೊಳ್ಳಿ, ಬೇರೆ ಕಾರ್ಡಿನಲ್ಲಿ.

ತಪ್ಪಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ದೃಶ್ಯ ಸಾಮಾನ್ಯವಾಗಿ ಉಳಿದಿರುತ್ತದೆ, ಅಳಿದಿರುವುದು ಪಟ್ಟಿ. ಅದರ ಮೇಲೆ ಹೊಸದಾಗಿ ಬರೆದಾಗಲೇ ಹಳೆಯದು ಹೋಗುವುದು. ತಕ್ಷಣ ಹೊರಗೆ ತೆಗೆದು, ಬೀಗದ ಗುಂಡಿ ಸರಿಸಿ, ಫೋಟೋರೆಕ್‌ನಿಂದ ಬೇರೆ ಡಿಸ್ಕಿಗೆ ಎತ್ತಿ. ಫೋಟೋಗಳು ಬಹುಪಾಲು ಸಿಗುತ್ತವೆ. ವಿಡಿಯೋ ಕಾರ್ಡಿನ ಹಲವು ಕಡೆ ಚೆದುರಿ ಬರೆಸಿಕೊಂಡಿದ್ದರೆ ತುಂಡುತುಂಡಾಗಿ ಬರುತ್ತದೆ, ಆಗ ಹಣ ಕೊಟ್ಟು ವೃತ್ತಿಪರರ ಕೈಗೆ ಕೊಡುವುದೊಂದೇ ದಾರಿ.

ಇನ್ನೊಂದು ಬಗೆಯ ಕೆಡುಕಿಗೆ ಮದ್ದೇ ಇಲ್ಲ: ನಕಲಿ ಕಾರ್ಡು. ಮೇಲೆ 128 ಜಿಬಿ ಎಂದು ಅಚ್ಚು, ಒಳಗೆ ಇರುವುದು ಅದರ ಸಣ್ಣ ಪಾಲು. ಕ್ಯಾಮೆರಾ ಬರೆಯುತ್ತಲೇ ಹೋಗುತ್ತದೆ, ಫೈಲಿನ ಹೆಸರೂ ಗಾತ್ರವೂ ಸರಿಯಾಗಿಯೇ ಕಾಣುತ್ತವೆ. ಮೊದಲ ಕ್ಲಿಪ್ಪುಗಳು ಚೆನ್ನಾಗಿ ಓಡಿ, ಧಾರೆಯ ಹೊತ್ತಿನವು ಖಾಲಿ. ಯಾವ ತಂತ್ರಾಂಶವೂ ಬರೆಯದೇ ಇದ್ದದ್ದನ್ನು ತಂದುಕೊಡಲಾರದು. ಹೊಸ ಕಾರ್ಡು ತಂದ ದಿನವೇ, ಲಗ್ನಗಳ ಕಾಲ ಶುರುವಾಗುವ ಮೊದಲು, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಓಡಿಸಿ. ಕಾರ್ಡನ್ನು ತುದಿಯವರೆಗೆ ತುಂಬಿಸಿ ಮತ್ತೆ ಓದಿ ನೋಡುವುದರಿಂದ ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಪಾಸಾದ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಅದರ ಮೇಲೆ ಮಾರ್ಕರ್‌ನಿಂದ ಒಂದು ಸಂಖ್ಯೆ ಬರೆದು ಚೀಲಕ್ಕೆ ಹಾಕಿಕೊಳ್ಳಿ. 4ಕೆ ತೆಗೆಯುವವರು ಮೇಲೆ ವಿ30 ಗುರುತು ಇದೆಯೇ ಎಂದೂ ನೋಡಿ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲೆ ಎಂಬ ಭರವಸೆ ಅದು. ಸೆಕೆಂಡಿಗೆ 100 ಮೆಗಾಬಿಟ್‌ನ ರೆಕಾರ್ಡಿಂಗ್‌ಗೆ ಬೇಕಿರುವುದು 12.5 ಮೆಗಾಬೈಟ್.